ಡೋರೀನಳ ಪ್ರಚಾರ

ಅಮೆರಿಕದ ಒಂದು ಕಲ್ಲಿದ್ದಲು ಗಣಿ ಊರಿನಲ್ಲಿ ಡೋರೀನ್ ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು. ಭೂಮಿಯ ಕಾವು ಹೆಚ್ಚಿಸುವ ಹೊಸ ಕಲ್ಲಿದ್ದಲು ವಿದ್ಯುತ್ ಸ್ಥಾವರ ಬೇಡವೆನ್ನುವ ಅಭ್ಯರ್ಥಿಯನ್ನು ರಾಜ್ಯದ ಶಾಸನಸಭೆಗೆ ಕಳಿಸಬೇಕೆಂದು ಮನೆಮನೆ ತಿರುಗುತ್ತಿದ್ದಳು. ಗಣಿ ಕೆಲಸದ ವೇಲನ್ ಬಾಗಿಲು ತೆರೆದವನೇ, "ನನ್ನ ಅನ್ನಕ್ಕೆ ಕಲ್ಲು ಹಾಕ್ತೀಯಾ?" ಎಂದು ಬಂದೂಕಿನ ಹಿಡಿಯಿಂದ ಅವಳ ಮುಖಕ್ಕೆ ಅಪ್ಪಳಿಸಿದ. ಮೆಟ್ಟಿಲಿನಿಂದ ಉರುಳಿದವಳ ಪಕ್ಕೆಗೆ ಬೂಟುಗಾಲಿನಿಂದ ಒದ್ದ. ಎರಡು ಹಲ್ಲು ಹುಲ್ಲಿನ ಮೇಲೆ ಬಿದ್ದವು.

ಆಸ್ಪತ್ರೆಗೆ ಓಡಿಬಂದ ಶೆರಿಫ್, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥ, ಅವಳ ಸ್ವಂತ ತಮ್ಮ. ಬಂದವನೇ ದೂರು ಬರೆದುಕೊಳ್ಳಲು ಪುಸ್ತಕ ತೆಗೆದ.

"ಅಕ್ಕಾ, ಯಾರು ಅಂತ ಒಂದು ಮಾತು ಹೇಳು. ಇವತ್ತೇ ಒಳಗೆ ಹಾಕ್ತೀನಿ."

"ಜಾರಿ ಬಿದ್ದೆ ಅಂತ ಬರ್ಕೋ."

"ಅವನಿಗೆ ಅಷ್ಟು ಹೆದರಿಬಿಟ್ಟೆಯಾ?"

ಡೋರೀನ್ ತುಟಿಯ ರಕ್ತ ಒರೆಸಿಕೊಂಡಳು.

"ಜೈಲಿಗೆ ಹೋದರೆ ಅವನಿಗೆ ವೋಟಿರಲ್ಲ ಕಣೋ. ನನಗೆ ಅವನ ವೋಟು ಬೇಕು."