ಬೂರುಗದ ಮರ ತೊಂಬತ್ತು ದಿನ ಕಾಯುವುದಿಲ್ಲ

ದಯವಿಟ್ಟು ಈ ಕಥೆಯನ್ನು ಕೂತು ಓದಿ... ಮಲಗಿ ಓದಿದವರು ಕೊನೆ ಮುಟ್ಟಿದ ದಾಖಲೆ ಇಲ್ಲ.

ರಾಣೆಬೆನ್ನೂರಿನಲ್ಲಿ ಇಮಾಂಬಿ ಅಂತ ಒಬ್ಬರು ದಿಂಬು ಮಾಡುತ್ತಾರೆ. ಬೂರುಗದ ಮರದ ಹತ್ತಿ ತುಂಬಿದ ದಿಂಬು.

ಅದಕ್ಕೆ ತಲೆ ಇಟ್ಟರೆ ಸಾಕು... ನಿದ್ದೆ ಕರೆಯದೇ ಬರುತ್ತದೆ.

ಒಮ್ಮೆ ದಿಂಬು ಕದಿಯಲು ಬಂದ ಕಳ್ಳ, ಮೆತ್ತಗಿದೆಯಾ ಅಂತ ನೋಡಲು ಹೋಗಿ ಬೆಳಗಿನವರೆಗೆ ಮಲಗಿದ್ದ. ಎದ್ದು ಚಹಾ ಕೇಳಿದ. ಆಮೇಲೆ ದುಡ್ಡು ಕೊಟ್ಟೇ ಒಂದು ದಿಂಬು ಕೊಂಡ.

ನಂಬದವರು ಅವನನ್ನೇ ಕೇಳಿ... ಎಚ್ಚರ ಇದ್ದರೆ ಹೇಳುತ್ತಾನೆ.

ಅಂಥ ಇಮಾಂಬಿಗೇ ಈ ಬೇಸಿಗೆಯಲ್ಲಿ ನಿದ್ದೆ ಇರಲಿಲ್ಲ.

ಹುಬ್ಬಳ್ಳಿಯ ಒಂದು ದೊಡ್ಡ ಹೋಟೆಲ್‌ಗೆ ರೂಮಿಗೆ ಎರಡರಂತೆ ದಿಂಬು ಸಪ್ಲೈ ಮಾಡಿದ್ದರು. ಬಿಲ್ಲೂ ಕೊಟ್ಟಾಗಿತ್ತು. ಹಣ ಬರುವುದು ಮಾತ್ರ ತೊಂಬತ್ತು ದಿನಕ್ಕೆ... ಅದು ಅಲ್ಲಿಯ ರೂಲ್.

ಆದರೆ ಬೂರುಗದ ಮರಕ್ಕೆ ಆ ರೂಲ್ ಗೊತ್ತಿಲ್ಲವಲ್ಲ! ಬಿಸಿಲು ಏರಿದರೆ ಕಾಯಿ ಒಡೆಯುತ್ತದೆ. ಒಡೆದ ಹತ್ತಿ ಗಾಳಿಯ ಪಾಲು.

ಮರಗಳ ಮಾಲೀಕ ಫೋನ್ ಮಾಡಿದ. "ಇಮಾಂಬಿ, ಕಾಯಿ ಬಿರಿಯಾಕ ಬಂದಾವು. ನಾಡಿದ್ದ ಸಂಜಿ ಒಳಗ ರೊಕ್ಕ ತಂದ್ರ ನಿಂದು. ಇಲ್ಲಾಂದ್ರ ದಾವಣಗೆರಿಯವ್ರು ಲಾರಿ ಹಚ್ಚಿ ನಿಂತಾರ."

ಈ ಹತ್ತಿ ಹೋದರೆ ವರ್ಷವಿಡೀ ಕೆಲಸ ಇಲ್ಲ. ಇಮಾಂಬಿಗೂ ಇಲ್ಲ, ಅವರ ಶೆಡ್ಡಿನಲ್ಲಿ ಹೊಲಿಯುವ ಹೆಂಗಸರಿಗೂ ಇಲ್ಲ.

ಸೊಸೆ ನಸೀಮಾ ಮೊಬೈಲ್ ಹಿಡಿದು ಬಂದಳು. "ಅತ್ತಿ, ಬಿಲ್ಲನ್ನ ಆನ್‌ಲೈನ್ ಪ್ಲಾಟ್‌ಫಾರ್ಮಿಗೆ ಹಾಕೂಣು. ಈ ಬಿಲ್ ಖರೇ ಅಂತ ಹೋಟೆಲ್‌ನವ್ರು ಒಪ್ಪಿದ್ರ ಸಾಕು, ಬ್ಯಾಂಕಿನವ್ರು ನಾ ಮುಂದ ತಾ ಮುಂದ ಅಂತ ಬಂದು ರೊಕ್ಕ ಕೊಡ್ತಾರ. ತೊಂಬತ್ತು ದಿನ ಆದಮ್ಯಾಲ ಹೋಟೆಲ್‌ನಿಂದ ಅವ್ರ ತಗೋತಾರ."

"ಪುಕ್ಕಟೆ ಕೊಡ್ತಾರೇನ?"

"ಒಂದೀಟ ಮುರ್ಕೊಂತಾರ. ನಿಮ್ಮ ಬಡ್ಡಿ ಸಾಹುಕಾರ ಕೇಳಿದ್ರ ಎದಿ ಒಡಕೊಂತಾನ... ಅಷ್ಟ ಕಮ್ಮಿ."

"ಅಂದ್ರ ಇದು ಸಾಲ ಅಲ್ಲ?"

"ಅಲ್ಲ ಅತ್ತಿ... ನಮ್ಮ ರೊಕ್ಕಾನ ಸ್ವಲ್ಪ ಲಗೂನ ಮನಿಗೆ ಬರತೈತಿ."

ಬಿಲ್ ಹಾಕಿದರು. ಎಲ್ಲ ಸರಿಯಾಯಿತು... ಹೋಟೆಲ್‌ನವರ ಒಪ್ಪಿಗೆ ಒಂದು ಬಿಟ್ಟು.

ಒಪ್ಪಿಗೆ ಒತ್ತಬೇಕಾದವರು ಅಕೌಂಟ್ಸ್ ವಿಭಾಗದ ಮುದೇನೂರ ಸಾಹೇಬರು. ಫೋನ್ ಮಾಡಿದರೆ ರಿಂಗ್ ಆಗುತ್ತದೆ... ಎತ್ತುವವರಿಲ್ಲ.

ಆಗ ಇಮಾಂಬಿಗೆ ನೆನಪಾಯಿತು. ದೀಪಾವಳಿಗೆ ಎಲ್ಲರೂ ಸಾಹೇಬರಿಗೆ ಸ್ವೀಟ್ ಬಾಕ್ಸ್ ಕೊಟ್ಟಾಗ, ತಾವು ಕುರ್ಚಿಗೆ ಒರಗಲು ಒಂದು ಪುಟ್ಟ ದಿಂಬು ಕೊಟ್ಟಿದ್ದರು!

"ಯಾ ಅಲ್ಲಾ... ನನ್ನ ಬಿಲ್ಲ ನಾನ ಮಲಗಿಸೀನಿ!"

ಮರುದಿನ ಬೆಳಗಿನ ಬಸ್ಸಿಗೆ ಹೊರಟರು. ಆ ದಿಂಬು ಕಿತ್ತುಕೊಂಡೇ ಬರುವುದು ಅಂತ.

ಹೋಟೆಲ್‌ನ ಹಿಂದುಗಡೆಯ ರೂಮು. ಫ್ಯಾನ್ ಜೋಗುಳ ಹಾಡುವ ಹಾಗೆ ತಿರುಗುತ್ತಿತ್ತು. ಗೋಡೆ ಗಡಿಯಾರವೂ ನಿಂತಲ್ಲೇ ಮಲಗಿತ್ತು.

ಸಾಹೇಬರು ದಿಂಬನ್ನು ಟೇಬಲ್ ಮೇಲಿಟ್ಟು, ಅದಕ್ಕೆ ಕೆನ್ನೆ ಇಟ್ಟು... ಪುಟ್ಟ ಮಗುವಿನ ಹಾಗೆ.

ಎದುರಿನ ಕಂಪ್ಯೂಟರ್‌ನಲ್ಲಿ ಇಮಾಂಬಿಯ ಬಿಲ್ಲೇ ತೆರೆದಿತ್ತು! ಬೆರಳಿಗೂ ಮೌಸಿಗೂ ಗೇಣು ದೂರ.

ಇಮಾಂಬಿ ದಿಂಬಿಗೆ ಕೈ ಹಾಕಿದರು...

ಕಸ ಗುಡಿಸುತ್ತಿದ್ದ ಶಾಂತವ್ವ ಪಿಸುಗುಟ್ಟಿದಳು. "ಎಬ್ಬಸಬ್ಯಾಡ ಯವ್ವಾ... ಹೆಂಡ್ತಿ ತೀರಿಕೊಂಡಾಗಿಂದ ಮನ್ಯಾಗ ಅವ್ರ ಕಣ್ಣಿಗೆ ಕಣ್ಣ ಹತ್ತಂಗಿಲ್ಲಂತ. ಈ ದಿಂಬಿಗೆ ತಲಿ ಇಟ್ಟಾಗ ಅಷ್ಟ..."

ಇಮಾಂಬಿಯ ಕೈ ಅಲ್ಲೇ ನಿಂತಿತು.

ಎಬ್ಬಿಸದಿದ್ದರೆ ನಾಳೆ ಹತ್ತಿ ಕೈ ತಪ್ಪುತ್ತದೆ. ಎಬ್ಬಿಸಲೇಬೇಕು... ಆದರೆ ಮನಸ್ಸು ಬರಲಿಲ್ಲ.

ಎದುರಿನ ಕುರ್ಚಿಯಲ್ಲಿ ಕೂತರು. ಎಷ್ಟೋ ದಿನದಿಂದ ನಿದ್ದೆಗೆಟ್ಟ ಜೀವ... ಹಾಗೇ ಜೋಂಪು ಹತ್ತಿತು.

ಹುಬ್ಬಳ್ಳಿಯ ಮೇಲೆ ಬೂರುಗದ ಹತ್ತಿ ಮೋಡದಂತೆ ಇಳಿಯುತ್ತಿದೆ... ಟ್ರಾಫಿಕ್ ಪೊಲೀಸರು ಸೀಟಿ ಬಾಯಲ್ಲಿಟ್ಟುಕೊಂಡೇ ಗೊರಕೆ ಹೊಡೆಯುತ್ತಿದ್ದಾರೆ. ಗೊರಕೆ ಸೀಟಿಯಲ್ಲೇ ಕೇಳುತ್ತಿದೆ.

ಊರಿನ ಬಿಲ್‌ಗಳೆಲ್ಲ ಫೈಲು ಬಿಟ್ಟು ಹಕ್ಕಿಗಳ ಹಾಗೆ ಹಾರುತ್ತಿವೆ... ಹಾಲಿನವರ ಬಿಲ್ ಹಾಲಿನವರ ಮನೆಗೆ, ಸೋಪಿನವರ ಬಿಲ್ ಸೋಪಿನವರ ಮನೆಗೆ...

"ಯವ್ವಾ... ಚಹಾ."

ಕಣ್ಣು ಬಿಟ್ಟರೆ ಮುದೇನೂರ ಸಾಹೇಬರು! ಕೈಯಲ್ಲಿ ಎರಡು ಕಪ್ಪು.

"ನನ್ನ ಯಾಕ ಎಬ್ಬಸಲಿಲ್ರೀ?"

"ನಿದ್ದಿ ಮಾರಾಕಿ ನಾನು ಸಾಹೇಬ್ರ... ಕೊಟ್ಟ ನಿದ್ದಿ ಕಸಗೊಳ್ಳಾಕ ಆಕ್ಕೈತೇನ್ರಿ?"

ಸಾಹೇಬರು ಒಂದು ಕಪ್ಪನ್ನು ಅವರ ಮುಂದಿಟ್ಟರು. "ಎದ್ದಾಗ ಎದುರಿಗೆ ಯಾರರ ಕುಂತಿದ್ದು ನೋಡಿ ಭಾಳ ದಿನ ಆಗಿತ್ತವ್ವಾ..."

ಕಣ್ಣು ತುಂಬಿ ಬಂತು. ಇಮಾಂಬಿಯದೂ.

ಚಹಾ ಕುಡಿಯುತ್ತಾ ಇಮಾಂಬಿ ಮರದ ವಿಷಯ ಹೇಳಿದರು. ಕಾಯಿ ಒಡೆಯುವುದು, ದಾವಣಗೆರೆಯ ಲಾರಿ, ಶೆಡ್ಡಿನ ಹೆಂಗಸರು...

ಸಾಹೇಬರು ತಲೆ ತಗ್ಗಿಸಿದರು. "ತೊಂಬತ್ತು ದಿನ ಅಂದ್ರ ನನಗ ಬರೇ ಒಂದು ರೂಲ್ ಆಗಿತ್ತು. ಅದರ ಹಿಂದ ಒಂದು ಮರ ನಿಂತೈತಿ ಅಂತ ಗೊತ್ತ ಇರಲಿಲ್ಲ."

ಅಲ್ಲೇ ಒಪ್ಪಿಗೆ ಒತ್ತಿದರು.

ಅಷ್ಟಕ್ಕೇ ಬಿಡಲಿಲ್ಲ. ಹಾಲಿನವರು, ಸೋಪಿನವರು, ಬಟ್ಟೆ ಒಗೆಯುವವರು... ಎಲ್ಲರಿಗೂ ತಾವೇ ಫೋನ್ ಮಾಡಿದರು. "ನೀವೂ ಬಿಲ್ ಹಾಕ್ರಿ ಲಗೂನ... ನಾ ಎಚ್ಚರ ಅದೀನಿ!"

ಮರುದಿನ ಮಧ್ಯಾಹ್ನ ಇಮಾಂಬಿಯ ಅಕೌಂಟಿಗೆ ಹಣ ಬಂತು.

ಸಂಜೆ ಮಾಲೀಕನಿಗೆ ಹಣ ಎಣಿಸಿಕೊಟ್ಟು ಮರದ ಕೆಳಗೆ ನಿಂತಾಗ, ಹೇಳಿ ಕಳಿಸಿದ ಹಾಗೆ ಮೊದಲ ಕಾಯಿ ಒಡೆಯಿತು... ಹೆಂಗಸರು ಸೆರಗು ಚಾಚಿ ಹತ್ತಿಯ ಹಿಂದೆ ಓಡಿದರು. ದಾವಣಗೆರೆಯ ಲಾರಿಯವನು ಅಲ್ಲೇ ನೆರಳಲ್ಲಿ ಮಲಗಿದ್ದ. ತುಪ್ಪಳದಂಥ ಹತ್ತಿ ಅವನ ಮುಖದ ಮೇಲೆ ಬಿದ್ದಿತ್ತು... ಇನ್ನೆಲ್ಲಿ ಏಳುತ್ತಾನೆ!

ಮುಂದಿನ ವಾರ ಸಾಹೇಬರ ಮನೆಗೆ ಹೊಸ ಹತ್ತಿಯ ದೊಡ್ಡ ದಿಂಬು ಬಂತು. ಹಿಂದೆಯೇ ಇಮಾಂಬಿಯ ಫೋನ್. "ಇದು ಮನಿಗೆ ಸಾಹೇಬ್ರ. ಆಫೀಸಿಂದು ವಾಪಸ್ ಕಳಸ್ರಿ."

ದಿಂಬಿನ ಜೊತೆ ಬಿಲ್ಲೂ ಇತ್ತು. ಅದು ಅವತ್ತೇ ಸಾಹೇಬರ ಸ್ವಂತ ಜೇಬಿನಿಂದ ಪಾಸಾಯಿತು.

ಸಾಹೇಬರು ಮಾತ್ರ ಮರುದಿನ ಆಫೀಸಿಗೆ ಲೇಟಾಗಿ ಬಂದರು... ಮನೆಯಲ್ಲೇ ಕಣ್ಣು ಹತ್ತಿಬಿಟ್ಟಿತ್ತು.

*ದುಡಿದವರ ಹಣ ಹೊತ್ತಿಗೆ ಸರಿಯಾಗಿ ಮನೆ ಸೇರಿದರೆ, ಕೊಟ್ಟವರಿಗೂ ಪಡೆದವರಿಗೂ ನಿದ್ದೆ ಬರುತ್ತದೆ.*

ನಿಮ್ಮ ಒಂದು ಒಪ್ಪಿಗೆಗಾಗಿ ಇವತ್ತು ಯಾರ ಮರ ಕಾಯುತ್ತಾ ನಿಂತಿದೆ...?