ಹಿಟ್ಟಿನ ಮುಖ

ಕೆಳಗಿನ ಮನೆಯ ಲೆಫ್ಟೆರಿಸ್ ಇದ್ದಕ್ಕಿದ್ದಂತೆ ನಿದಾಲನನ್ನು ಬಾಚಿ ತಬ್ಬಿಕೊಂಡ. ನಿದಾಲ್ ಸಿರಿಯಾ ಬಿಟ್ಟು ಈ ಗ್ರೀಕ್ ಬಂದರಿಗೆ ಬಂದು ಎರಡು ವರ್ಷ. ಲೆಫ್ಟೆರಿಸ್ ಒಂದು ದಿನವೂ ಅವನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ. ಇವತ್ತು ಕಾರ್ನಿವಲ್. ಊರೆಲ್ಲ ಮಸಿ ಬಳಿದುಕೊಂಡು ಬಣ್ಣದ ಹಿಟ್ಟು ಎರಚಾಡುವಾಗ ಯಾರ ಗುರುತು ಯಾರಿಗೆ?

“ನಮ್ಮ ಮೇಲಿನ ಮನೆ ಸಿರಿಯಾ ಪೀಡೆಗಳು ಕಂಡ್ರೆ ಹೇಳಪ್ಪಾ. ಅವರಿಗೆ ಹಿಟ್ಟಲ್ಲ, ಕಲ್ಲು ಇಟ್ಟಿದೀನಿ!” ಎಂದು ಲೆಫ್ಟೆರಿಸ್ ಗ್ರೀಕ್ ಭಾಷೆಯಲ್ಲಿ ಹೇಳಿ ನಕ್ಕ. ಮಾತು ತಿಳಿಯದ ನಿದಾಲನೂ ನಕ್ಕ.

“ಏನಂದ್ರಮ್ಮಾ?” ಎಂದು ಇಲ್ಲಿಯ ಶಾಲೆಗೆ ಹೋಗುವ ಮಗಳು ರೀಮಾಳನ್ನು ಕೇಳಿದ.

“ಹಬ್ಬ ಚೆನ್ನಾಗಾಗ್ಲಿ ಅಂದ್ರು, ಬಾಬಾ.”

“ಪಾಪ, ಗುರುತು ಸಿಕ್ಕಿಲ್ಲ ಅನ್ಸುತ್ತೆ. ಇರು, ಮುಖ ತೋರಿಸ್ತೀನಿ,” ಎನ್ನುತ್ತ ನಿದಾಲ್ ತೋಳಿನಿಂದ ಕೆನ್ನೆ ಒರೆಸತೊಡಗಿದ. ರೀಮಾ ಅವನನ್ನು ಜಗ್ಗಿ ಬಗ್ಗಿಸಿ, ಚೀಲದಲ್ಲಿ ಉಳಿದಿದ್ದ ಹಿಟ್ಟನ್ನೆಲ್ಲ ಅವನ ಮುಖಕ್ಕೆ ಮೆತ್ತಿದಳು.