ಎದುರು ಮನೆಯ ಬಾಗಿಲು

"ಅವ್ವಾರ, ಈ ಹುಡುಗ ಯಾರು, ಗುರ್ತು ಸಿಗತೈತೇನ್ರಿ?"

ಪೊಲೀಸ್ ರುದ್ರೇಶ ಮೊಬೈಲನ್ನು ಅನ್ನಮ್ಮನ ಮುಖದ ಮುಂದೆ ಹಿಡಿದ. ಕಟ್ಟೆಯ ಮೇಲೆ ಕುಳಿತು ಶೇಂಗಾ ಒಡೆಯುತ್ತಿದ್ದ ಅನ್ನಮ್ಮ ಕೈ ಝಾಡಿಸಿ, ಕಣ್ಣು ಕಿರಿದು ಮಾಡಿ ನೋಡಿದಳು. ತಮ್ಮದೇ ಓಣಿ. ನಸುಕಿನ ಬೆಳಕು. ತಲೆಗೆ ಟವೆಲ್ ಸುತ್ತಿದ ಹುಡುಗನೊಬ್ಬ ಎದುರು ಮನೆಯ ಬಾಗಿಲು ದೂಡಿ ಒಳಗೆ ಹೋಗುತ್ತಿದ್ದ.

"ಅಯ್ಯ, ನಮ್ಮ ಹಜರತಬೀ ತಂಗಿ ಮಗ! ಅಬ್ದುಲರೌಫ. ಗಂಗಾವತಿ ರಸ್ತ್ಯಾಗಿನ ರೈಸ್ ಮಿಲ್ಲಿನ್ಯಾಗ ಹಮಾಲಿ ಮಾಡತಾನ."

ಹೇಳುವಾಗ ಅವಳಿಗೆ ಒಂಚೂರು ಹೆಮ್ಮೆಯೂ ಆಯಿತು. ಇದನ್ನು ಹಿಡಿದಿದ್ದ, ಓಣಿಯ ಕಂಬದ ಮೇಲಿನ ಕ್ಯಾಮೆರಾ ಅವಳಿಂದಲೇ ಬಂದದ್ದು. ಹೋದ ವರ್ಷ ಬೈಕಿನ ಮೇಲೆ ಬಂದವರು ಇದೇ ಓಣಿಯಲ್ಲಿ ಅವಳ ಕೊರಳಿನ ಸರ ಕಿತ್ತುಕೊಂಡು ಹೋದಾಗ, ಹೆಂಗಸರನ್ನೆಲ್ಲ ಕಟ್ಟಿಕೊಂಡು ಸ್ಟೇಷನ್ನಿಗೆ ಹೋಗಿ ಗದ್ದಲ ಮಾಡಿದ್ದಳು. ಕ್ಯಾಮೆರಾ ಕೂತ ಮೇಲೆ ಓಣಿಯಲ್ಲಿ ಒಂದು ಚೊಂಬು ಸಹ ಕಳುವಾಗಿರಲಿಲ್ಲ.

"ಪಕ್ಕದ ಓಣ್ಯಾಗ ಬೈಕ್ ಕಳುವಾಗೈತ್ರಿ. ಇಂವಾ ನೋಡಿದ್ರ ದಿನಾ ನಸುಕಿನ್ಯಾಗ ಬರತಾನ, ಬೆಳಕು ಹರಿಯೂದ್ರಾಗ ಹೋಗತಾನ. ಯಾಕ ಬರತಾನ್ರಿ?"

ಅನ್ನಮ್ಮನಿಗೆ ಗೊತ್ತಿತ್ತು. ಹಜರತಬೀಯ ಗಂಡ ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದ. ಗಟ್ಟಿ ಮೈಯ ಎತ್ತರದ ಮನುಷ್ಯ. ಅವಳೊಬ್ಬಳಿಂದ ಹೊರಳಿಸಲಿಕ್ಕೂ ಆಗದು. ರಾತ್ರಿ ಪಾಳಿ ಮುಗಿಸಿದ ರೌಫ ಮನೆಗೆ ಹೋಗುವ ಮೊದಲು ಇಲ್ಲಿಗೆ ಬಂದು, ಅವನನ್ನು ಎತ್ತಿ ಕೂಡಿಸಿ, ಮೈ ತೊಳೆದು, ಅರಿವೆ ಬದಲಿಸಿ ಹೋಗುತ್ತಿದ್ದ. ಎಲ್ಲ ಗೊತ್ತಿತ್ತು. ಆದರೆ ರುದ್ರೇಶನ ದನಿ ಈಗ ಮೊದಲಿನಂತಿರಲಿಲ್ಲ. ಹೆಚ್ಚು ಮಾತಾಡಿದರೆ ತನ್ನ ಕೊರಳಿಗೇ ಬಂದೀತು ಅನ್ನಿಸಿತು ಅವಳಿಗೆ.

"ಅದನ್ನ ನಾ ಹೆಂಗ ಹೇಳಲೆಪಾ," ಅಂದಳು. "ಮಂದಿ ಮನಿ ಸುದ್ದಿ ನಮಗ್ಯಾಕ."

ಅವತ್ತೇ ರೌಫನನ್ನು ಸ್ಟೇಷನ್ನಿಗೆ ಕರೆದೊಯ್ದರು. ಹೊಡೆಯಲಿಲ್ಲ, ಬೈಯಲಿಲ್ಲ. ಸಂಜೆಯವರೆಗೆ ಬೆಂಚಿನ ಮೇಲೆ ಕೂಡಿಸಿದರು. ಎದುರಿನಿಂದ ಒಂದು, ಬಗಲಿನಿಂದ ಒಂದು ಫೋಟೊ ತೆಗೆದುಕೊಂಡರು, ಬೆರಳಚ್ಚು ತೆಗೆದುಕೊಂಡರು, ಕರೆದಾಗ ಬರಬೇಕು ಎಂದು ಹೇಳಿ ಕಳಿಸಿದರು. ಮರುದಿನ ಬೈಕು ಸಿಕ್ಕಿತು. ಮಾಲಕನ ಅಳಿಯನೇ ಹೇಳದೆ ಕೇಳದೆ ಒಯ್ದಿದ್ದನಂತೆ. ಆದರೆ ಅಷ್ಟೊತ್ತಿಗೆ ರೌಫನ ತಾಯಿ ಮಗನಿಂದ ಆಣೆ ಮಾಡಿಸಿಕೊಂಡಾಗಿತ್ತು, ಇನ್ನು ಆ ಓಣಿಗೆ ಕಾಲಿಡುವುದಿಲ್ಲ ಎಂದು.

ಎದುರು ಮನೆಯ ಬಾಗಿಲು ಮುಚ್ಚಿಕೊಂಡಿತು. ದಿನಾ ಸಂಜೆ ಕಟ್ಟೆಗೆ ಬಂದು ಅನ್ನಮ್ಮನ ಜೊತೆ ಎಲೆ ಅಡಿಕೆ ಹಾಕುತ್ತಿದ್ದ ಹಜರತಬೀ ಹೊರಗೆ ಬರುವುದನ್ನೇ ಬಿಟ್ಟಳು. ಅನ್ನಮ್ಮನೂ ಕರೆಯಲಿಲ್ಲ, ಯಾವ ಮುಖ ಇಟ್ಟುಕೊಂಡು ಕರೆಯುವುದು? ಒಂದು ಮುಂಜಾನೆ ಅವಳು ಅಂಗಳ ಗುಡಿಸುತ್ತಿದ್ದಾಗ ಆ ಬಾಗಿಲ ಹಿಂದಿನಿಂದ ಏನೋ ಭಾರವಾದದ್ದು ಬಿದ್ದ ಸಪ್ಪಳ ಕೇಳಿತು. ಹಿಂದೆಯೇ ಹಜರತಬೀ "ಯಾ ಅಲ್ಲಾ" ಎಂದು ಚೀರಿದ್ದು.

ಅನ್ನಮ್ಮ ಕಸಬರಿಗೆ ಬಿಟ್ಟು ಮನೆಯೊಳಗೆ ಓಡಿದಳು. "ಏಳ್ರಿ, ಆಕಿ ಗಂಡ ಬಿದ್ದಾನ ಅನಸತೈತಿ. ಎತ್ತಬೇಕು, ಬರ್ರಿ."

ಅವಳ ಗಂಡ ದೊಡ್ಡಬಸಪ್ಪ ಚಹಾದ ಕಪ್ಪು ಕೆಳಗಿಡಲಿಲ್ಲ. "ಹುಚ್ಚಿ ಅದೀಯೇನು? ಆ ಮನಿಗೆ ಹೋಗಿ ಬರೋರನ್ನೆಲ್ಲಾ ಪೊಲೀಸರು ಕ್ಯಾಮೆರಾದಾಗ ನೋಡಾಕತ್ಯಾರ. ನಾಳೆ ನನ್ನನ್ನೂ ಕರೀತಾರ. ಓಣ್ಯಾಗ ಎಲ್ಲಾರೂ ಸುಮ್ಮನ ಅದಾರ, ನೀನೂ ಸುಮ್ಮನಿರು."

"ಎಲ್ಲಾರೂ ಸುಮ್ಮನಿದ್ದದ್ದಕ್ಕ ಆ ಮನುಷ್ಯಾ ನೆಲಕ್ಕ ಬಿದ್ದಾನ," ಎಂದು ಅನ್ನಮ್ಮ ಒಬ್ಬಳೇ ಓಣಿ ದಾಟಿದಳು.

ಒಳಗೆ ಹಜರತಬೀ ಗಂಡನ ಬಗಲಿಗೆ ಕೈ ಕೊಟ್ಟು ತಿಣುಕುತ್ತಿದ್ದಳು. ಅವಳ ಮುಡಿ ಬಿಚ್ಚಿತ್ತು, ನೀರಿನ ಬಕೆಟ್ ಉರುಳಿ ನೆಲವೆಲ್ಲ ಒದ್ದೆಯಾಗಿತ್ತು. ಅನ್ನಮ್ಮ ಏನೂ ಕೇಳದೆ ಕಾಲ ಕಡೆ ಕೈ ಹಾಕಿದಳು. ಇಬ್ಬರೂ ಸೇರಿ ಎತ್ತಿದರೂ ಮೈ ನೆಲ ಬಿಡಲೊಲ್ಲದು. ಅಷ್ಟರಲ್ಲಿ ಹಿಂದಿನಿಂದ ಇನ್ನೆರಡು ಕೈ ಬಂದವು. ದೊಡ್ಡಬಸಪ್ಪ. ಮೂವರೂ ಸೇರಿ ಹಜರತಬೀಯ ಗಂಡನನ್ನು ಎತ್ತಿ ಮಂಚದ ಮೇಲೆ ಮಲಗಿಸಿದರು. ದೊಡ್ಡಬಸಪ್ಪ ಹೊರಟುಹೋದ.

"ತಪ್ಪಾತವ್ವಾ ಹಜರತಾ," ಅನ್ನಮ್ಮ ಬಿಸಿನೀರಿಗೆ ಅರಿವೆ ಅದ್ದಿ ಹಿಂಡುತ್ತ ಅಂದಳು. "ಪೊಲೀಸರಿಗೆ ರೌಫನ ಹೆಸರು ಹೇಳಿದಾಕಿ ನಾನ."

"ಹೆಸರು ಹೇಳಿದ್ದು ತಪ್ಪಲ್ಲಕ್ಕಾ. ಖರೇನ ಹೇಳಿದಿ." ಹಜರತಬೀಯ ದನಿಯಲ್ಲಿ ಸಿಟ್ಟಿರಲಿಲ್ಲ. ಗಂಡನ ಬೆನ್ನು ಒರೆಸುತ್ತ, ಅನ್ನಮ್ಮನ ಕಡೆ ನೋಡದೆ ಹೇಳಿದಳು: "ನನ್ನ ಮನಿಗೆ ಯಾರು ಬರತಾರ, ಯಾಕ ಬರತಾರ ಅಂತ ಕೇಳಾಕ ಅವರು ನಿನ್ನ ಬಾಗಿಲಿಗೆ ಬಂದ್ರು. ನನ್ನ ಬಾಗಿಲಾ ಎದುರಿಗೇ ಇತ್ತು, ತೆರದ ಇತ್ತು. ಆಕಿನ್ನ ಕೇಳ್ರಿ ಅಂತ ನಿನಗರ ಅನಸಬೇಕಿತ್ತು."

ಅನ್ನಮ್ಮ ಮೂಲೆಯಲ್ಲಿದ್ದ ಹಳೆ ಅರಿವೆ ತೆಗೆದುಕೊಂಡಳು. ಒದ್ದೆ ನೆಲ ಒರೆಸಿದಳು, ಉರುಳಿದ ಬಕೆಟ್ ಎತ್ತಿಟ್ಟಳು. "ನಾಳೆನೂ ಬರತೀನಿ. ನಮ್ಮ ಮನಿಯವರನ್ನೂ ಕರಕೊಂಡು ಬರತೀನಿ," ಎಂದು ಎದ್ದಳು.

ಆ ಓಣಿಗೆ ಸೊಸೆಯಾಗಿ ಬಂದಂದಿನಿಂದ ಅನ್ನಮ್ಮ ಯಾರೆದುರಿಗೂ ಮುಖ ಮರೆಸಿದವಳಲ್ಲ. ಆದರೆ ಹೊಸ್ತಿಲು ದಾಟಿ, ಕಂಬದ ಕ್ಯಾಮೆರಾದ ಎದುರು ಬಿಸಿಲಿಗೆ ಕಾಲಿಡುವಾಗ ಅವಳ ಕೈ ತಾನಾಗಿಯೇ ಮೇಲೆ ಹೋಗಿ, ಸೆರಗನ್ನು ಕಣ್ಣು ಮುಚ್ಚುವವರೆಗೆ ಎಳೆದುಕೊಂಡಿತು.